ಬೈಸಿಕಲ್ ಟೈರಿನ ಚರಿತ್ರೆ: ಹಿತ, ಹಿಡಿತ, ಭದ್ರತೆ



ಬೈಸಿಕಲ್ಲಿನ ಟೈರು ಸವೆದು ಒಳಗಿನ ನೂಲು ಕಾಣಿಸಿಕೊಂಡಾಗ ನಾವು ಅಂಗಡಿಗೆ ಹೋಗುತ್ತೇವೆ. ಅಂಗಡಿಯವನು ನಾಲ್ಕಾರು ಟೈರುಗಳನ್ನು ಕೆಳಗಿಳಿಸಿ ಮುಂದಿಡುತ್ತಾನೆ. ಒಂದು ದಪ್ಪನಾದದ್ದು; ಹೆಬ್ಬೆರಳಿನಿಂದ ಒತ್ತಿದರೆ ಬಗ್ಗದು; ಇದಕ್ಕೆ ಮುಳ್ಳು ನಾಟುವುದಿಲ್ಲವೆಂದು ಆತನ ಭರವಸೆ. ಇನ್ನೊಂದು ಬಟ್ಟೆಯಂತೆ ಮೆತ್ತಗಿದೆ. ಇದನ್ನು ಹಾಕಿದರೆ ಸವಾರಿ ಹೂವಿನಷ್ಟು ಹಗುರವಂತೆ. ಮತ್ತೊಂದರ ಮೈಮೇಲೆ ಮೊಸಳೆಯ ಬೆನ್ನಿನಂತೆ ಉಬ್ಬುಗಳಿವೆ. ಇದು ಮಳೆಯಲ್ಲಿಯೂ ಜಾರದಂತೆ. ನಾವು ಬೆಲೆಯನ್ನು ಕೇಳಿ, ಒಂದೆರಡು ಸಲ ಒತ್ತಿನೋಡಿ, ಯಾವುದೋ ಒಂದನ್ನು ಕೊಂಡು ಮನೆಗೆ ಬರುತ್ತೇವೆ.

ನಾವು ಟೈರಿನಿಂದ ಬಯಸುವುದು ಮೂರು ಗುಣಗಳನ್ನು: ಮೈಗೆ ಹಿತ, ನೆಲದ ಮೇಲೆ ಹಿಡಿತ, ಮುಳ್ಳು ಮೊಳೆಗಳಿಂದ ಭದ್ರತೆ. ಈ ಮೂರೂ ಒಂದೇ ಟೈರಿನಲ್ಲಿ ಪೂರ್ಣವಾಗಿ ದೊರೆಯುವುವೆ? ದೊರೆಯದಿದ್ದರೆ ಯಾವುದನ್ನು ಎಷ್ಟರಮಟ್ಟಿಗೆ ಬಿಟ್ಟುಕೊಡಬೇಕು? ಈ ಪ್ರಶ್ನೆಯು ಅಂಗಡಿಯ ಮುಂದೆ ಇಂದು ಹುಟ್ಟಿದ್ದಲ್ಲ. ಬೈಸಿಕಲ್ಲಿನಷ್ಟೇ ಹಳೆಯದಾದ ಈ ಪ್ರಶ್ನೆಗೆ ಎಷ್ಟೋ ಮಂದಿ ತಮ್ಮ ಬುದ್ಧಿಯನ್ನೂ ಹಣವನ್ನೂ ಸವೆಸಿ ಉತ್ತರ ಹುಡುಕಿದ್ದಾರೆ. ಆ ಹುಡುಕಾಟದ ಚರಿತ್ರೆಯನ್ನು ತಿಳಿದವನು ಅಂಗಡಿಯಲ್ಲಿ ಮೋಸಹೋಗುವುದು ಕಡಮೆ. ಆದಕಾರಣ ಈ ಹೊತ್ತು ಅದನ್ನು ತಮ್ಮ ಮುಂದೆ ಸಂಕ್ಷೇಪವಾಗಿ ನಿವೇದಿಸುವೆನು.

ಮೊದಲಿಗೆ ನಮ್ಮ ಎತ್ತಿನ ಗಾಡಿಯನ್ನು ನೆನೆಯೋಣ. ಅದರ ಮರದ ಚಕ್ರಕ್ಕೆ ಕಬ್ಬಿಣದ ಹಳಿಯನ್ನು ಕಾಯಿಸಿ ಕಟ್ಟುತ್ತಿದ್ದರು. ಕೆಂಪಗೆ ಕಾದ ಹಳಿಯನ್ನು ಚಕ್ರದ ಸುತ್ತ ಕೂರಿಸಿ ನೀರೆರೆದರೆ ಅದು ಕುಗ್ಗಿ ಮರವನ್ನು ಬಿಗಿಯಾಗಿ ಅಪ್ಪಿಕೊಳ್ಳುವುದು. ಇದಕ್ಕಿಂತ ಭದ್ರವಾದ ಹೊದಿಕೆಯನ್ನು ಯಾರೂ ಕಾಣರು. ಯಾವ ಮುಳ್ಳೂ ಅದನ್ನು ಚುಚ್ಚಲಾರದು. ಆದರೆ ಗಾಡಿಯಲ್ಲಿ ಹುಲ್ಲು ಹಾಸಿಕೊಂಡು ಹತ್ತು ಮೈಲಿ ಹೋದವನ ಸೊಂಟವನ್ನು ಕೇಳಿದರೆ ಹಿತದ ಮಾತು ಏನೆಂಬುದು ತಿಳಿಯುವುದು. ಹಳಿಯಲ್ಲಿ ಭದ್ರತೆ ಪೂರ್ಣ, ಹಿತ ಶೂನ್ಯ.

ಬೈಸಿಕಲ್ಲಿನ ಬಾಳೂ ಇಲ್ಲಿಂದಲೇ ಆರಂಭವಾಯಿತು. ಜರ್ಮನಿಯ ಕಾರ್ಲ್ ಫಾನ್ ಡ್ರೈಸ್ ಎಂಬಾತನು 1817ರಲ್ಲಿ ಎರಡು ಚಕ್ರದ ಓಡುವ ಯಂತ್ರವನ್ನು ಮ್ಯಾನ್‌ಹೈಮ್ ಪಟ್ಟಣದಲ್ಲಿ ನಡೆಯಿಸಿ ತೋರಿಸಿದಾಗ ಅದರ ಚಕ್ರಗಳು ಮರದವು, ಹೊದಿಕೆ ಕಬ್ಬಿಣದ್ದು. 1860ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ಮುಂದಿನ ಚಕ್ರಕ್ಕೆ ಪೆಡಲುಗಳನ್ನು ಸೇರಿಸಿ ಮಾಡಿದ ವಾಹನಕ್ಕೂ ಅದೇ ಕಬ್ಬಿಣದ ಪಟ್ಟಿ. ಕಲ್ಲು ಹಾಸಿದ ಬೀದಿಯಲ್ಲಿ ಅದರ ಮೇಲೆ ಕುಳಿತವರ ಅವಸ್ಥೆಯನ್ನು ನೋಡಿ ಇಂಗ್ಲಿಷರು ಅದಕ್ಕೆ ಮೂಳೆ ಅಲ್ಲಾಡಿಸುವ ಯಂತ್ರವೆಂಬ ಅರ್ಥದ ಹೆಸರನ್ನೇ ಇಟ್ಟರು.

ಅಷ್ಟು ಹೊತ್ತಿಗೆ ರಬ್ಬರು ಬಳಕೆಗೆ ಬಂದಿತ್ತು. ಹಸಿ ರಬ್ಬರು ಬೇಸಗೆಯಲ್ಲಿ ಅಂಟಂಟಾಗಿ, ಚಳಿಗಾಲದಲ್ಲಿ ಪೆಡಸಾಗಿ ಬಿರುಕುಬಿಡುವ ಪದಾರ್ಥ. ಅದಕ್ಕೆ ಗಂಧಕವನ್ನು ಬೆರಸಿ ಕಾಯಿಸಿದರೆ ಎರಡು ದೋಷಗಳೂ ನೀಗುವುವೆಂಬುದನ್ನು ಅಮೆರಿಕದ ಚಾರ್ಲ್ಸ್ ಗುಡ್‌ಇಯರನು 1839ರಲ್ಲಿ ಕಂಡುಹಿಡಿದನು; 1844ರಲ್ಲಿ ಅದಕ್ಕೆ ಹಕ್ಕುಪತ್ರವನ್ನು ಪಡೆದನು. ಈ ಸಂಶೋಧನೆಯಿಂದ ಲೋಕವು ಸಿರಿವಂತವಾಯಿತು; ಸಂಶೋಧಕನು 1860ರಲ್ಲಿ ಸಾಲಗಾರನಾಗಿಯೇ ಸತ್ತನು. ಆದರೂ ಆತನ ಹದ ಮಾಡಿದ ರಬ್ಬರು ಇಲ್ಲದಿದ್ದರೆ ಮುಂದಿನ ಕಥೆಯೇ ಇರುತ್ತಿರಲಿಲ್ಲ. 1860ರ ದಶಕದ ಕೊನೆಯಿಂದ ಚಕ್ರಗಳಿಗೆ ಗಟ್ಟಿ ರಬ್ಬರಿನ ಪಟ್ಟಿಯನ್ನು ಅಂಟಿಸತೊಡಗಿದರು. ಸದ್ದು ಕಡಮೆಯಾಯಿತು; ಒದ್ದೆ ಕಲ್ಲಿನ ಮೇಲೆ ಕಬ್ಬಿಣಕ್ಕಿಲ್ಲದ ಹಿಡಿತವು ಬಂದಿತು; ಪಂಕ್ಚರಿನ ಮಾತೇ ಇರಲಿಲ್ಲ. ಆದರೆ ಕುಲುಕಾಟ ಮಾತ್ರ ಅರೆಪಾಲು ಉಳಿದೇ ಇತ್ತು.

ಆ ಕುಲುಕಾಟವನ್ನು ತಪ್ಪಿಸಲು ಜನರು ಹಿಡಿದ ಇನ್ನೊಂದು ದಾರಿ ಚಕ್ರವನ್ನು ದೊಡ್ಡದು ಮಾಡುವುದು. ದೊಡ್ಡ ಚಕ್ರವು ಸಣ್ಣ ಹಳ್ಳಗಳಿಗೆ ಇಳಿಯದೆ ಮೇಲೆಯೇ ಉರುಳಿಹೋಗುವುದು. ಪೆಡಲು ಒಂದು ಸುತ್ತು ಸುತ್ತಿದರೆ ಹೆಚ್ಚು ದೂರ ಸಾಗುವುದು. 1870ರ ದಶಕದಲ್ಲಿ ಆಳೆತ್ತರದ ಮುಂದಿನ ಚಕ್ರ, ಗಿಡ್ಡ ಹಿಂದಿನ ಚಕ್ರಗಳ ಬೈಸಿಕಲ್ಲು ಮೆರೆದದ್ದು ಹೀಗೆ. ಆದರೆ ಆ ಎತ್ತರದಿಂದ ತಲೆ ಕೆಳಗಾಗಿ ಬಿದ್ದವರು ಬಹು ಮಂದಿ. 1885ರಲ್ಲಿ ಕವೆಂಟ್ರಿಯ ಜಾನ್ ಕೆಂಪ್ ಸ್ಟಾರ್ಲಿಯು ಸರಪಣಿಯಿಂದ ಹಿಂದಿನ ಚಕ್ರವನ್ನು ತಿರುಗಿಸುವ, ಎರಡು ಚಕ್ರಗಳೂ ಹೆಚ್ಚುಕಡಮೆ ಸಮನಾಗಿರುವ ರೋವರ್ ಬೈಸಿಕಲ್ಲನ್ನು ಹೊರತಂದನು. ಬೀಳುವ ಭಯ ತಗ್ಗಿತು. ಆದರೆ ಚಕ್ರ ಗಿಡ್ಡವಾದಂತೆ ಕುಲುಕಾಟ ಮತ್ತೆ ಹೆಚ್ಚಿತು. ಈಗ ಲೋಕಕ್ಕೆ ಮೆತ್ತನೆಯ ಟೈರು ನಿಜವಾಗಿ ಬೇಕಾಯಿತು.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ಗಾಳಿ ತುಂಬಿದ ಟೈರನ್ನು ಮೊದಲು ಕಲ್ಪಿಸಿದವನು ಡನ್‌ಲಪ್ ಎಂದು ನಾವು ಶಾಲೆಯಲ್ಲಿ ಓದುತ್ತೇವೆ. ಆದರೆ ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್ ಎಂಬ 23 ವರ್ಷದ ತರುಣನು 1845ರಲ್ಲಿಯೇ ಅದಕ್ಕೆ ಹಕ್ಕುಪತ್ರ ಪಡೆದಿದ್ದನು. ರಬ್ಬರು ಬಳಿದ ಕ್ಯಾನ್ವಾಸಿನ ಚೀಲಕ್ಕೆ ಗಾಳಿ ತುಂಬಿ, ಮೇಲೆ ತೊಗಲಿನ ಹೊದಿಕೆ ಹಾಕಿ, ಕುದುರೆ ಸಾರೋಟಿನ ಚಕ್ರಕ್ಕೆ ತೊಡಿಸಿದನು. 1847ರಲ್ಲಿ ಲಂಡನ್ನಿನ ರೀಜೆಂಟ್ಸ್ ಪಾರ್ಕಿನಲ್ಲಿ ಆ ಸಾರೋಟು ಸದ್ದಿಲ್ಲದೆ ಸಾಗುವುದನ್ನು ಜನರು ಬೆರಗಾಗಿ ನೋಡಿದರು. ಆತನ ಒಂದು ಜೊತೆ ಚಕ್ರಗಳು 1,200 ಮೈಲಿ ಓಡಿದುದುಂಟು. ಆದರೆ ತೆಳುವಾದ ಒಳ್ಳೆಯ ರಬ್ಬರು ಆಗ ಬಹು ದುಬಾರಿ; ಸಾರೋಟಿನೊಳಗೆ ಮೆತ್ತೆಯ ಮೇಲೆ ಕುಳಿತವರಿಗೆ ಅದರ ಅಗತ್ಯವೂ ಅಷ್ಟಿರಲಿಲ್ಲ; ಬೈಸಿಕಲ್ಲಂತೂ ಇನ್ನೂ ಬಂದಿರಲಿಲ್ಲ. ಕಾಲವು ಪಕ್ವವಾಗುವ ಮೊದಲೇ ಬಂದ ಹಣ್ಣನ್ನು ಯಾರೂ ತಿನ್ನಲಿಲ್ಲ. 1873ರಲ್ಲಿ ಥಾಮ್ಸನ್ ತೀರಿಕೊಳ್ಳುವ ವೇಳೆಗೆ ಲೋಕವು ಅವನ ಗಾಳಿಚಕ್ರವನ್ನು ಮರೆತುಬಿಟ್ಟಿತ್ತು.

ಜಾನ್ ಬಾಯ್ಡ್ ಡನ್‌ಲಪನೂ ಸ್ಕಾಟ್ಲೆಂಡಿನವನೇ. ಐರ್ಲೆಂಡಿನ ಬೆಲ್‌ಫಾಸ್ಟಿನಲ್ಲಿ ಪಶುವೈದ್ಯನಾಗಿದ್ದನು. ಯಂತ್ರಶಿಲ್ಪಿಯಲ್ಲ, ಸವಾರನೂ ಅಲ್ಲ. ಅವನ ಚಿಕ್ಕ ಮಗನು ತನ್ನ ಮೂರು ಚಕ್ರದ ಸೈಕಲ್ಲನ್ನು ಕಲ್ಲುಹಾಸಿನ ಮೇಲೆ ತುಳಿಯುವಾಗ ಕುಲುಕಾಟದಿಂದ ಪಡುತ್ತಿದ್ದ ಕಷ್ಟವೇ ಈ ಸಂಶೋಧನೆಗೆ ಮೂಲ. ತಂದೆಯು 1887ರ ಕೊನೆಯಲ್ಲಿ ಒಂದು ಮರದ ಬಿಲ್ಲೆಯ ಸುತ್ತ ತೆಳು ರಬ್ಬರಿನ ಕೊಳವೆಯನ್ನು ಸುತ್ತಿ, ಬಟ್ಟೆ ಹೊದಿಸಿ ಮೊಳೆ ಹೊಡೆದು, ಕಾಲ್ಚೆಂಡಿಗೆ ಗಾಳಿ ತುಂಬುವ ಪಂಪಿನಿಂದ ಗಾಳಿ ತುಂಬಿದನು. ಅದನ್ನೂ ಸೈಕಲ್ಲಿನ ಗಟ್ಟಿ ರಬ್ಬರಿನ ಚಕ್ರವನ್ನೂ ಅಂಗಳದಲ್ಲಿ ಒಂದಾದಮೇಲೊಂದು ಉರುಳಿಸಿದನು. ಗಟ್ಟಿ ಚಕ್ರವು ಅರ್ಧದಲ್ಲಿಯೇ ಬಿದ್ದಿತು. ಗಾಳಿಯ ಚಕ್ರವು ಅಂಗಳವನ್ನೆಲ್ಲ ದಾಟಿ ಬಾಗಿಲಿಗೆ ತಾಗಿ ಹಿಂದಕ್ಕೆ ಪುಟಿಯಿತು. 1888ರ ಫೆಬ್ರವರಿ 28ರ ರಾತ್ರಿ ಹುಡುಗನು ಹೊಸ ಟೈರುಗಳ ಮೇಲೆ ಸವಾರಿ ಹೊರಟನು. ಅದೇ ವರ್ಷ ಹಕ್ಕುಪತ್ರವೂ ಬಂದಿತು. ಎರಡು ವರ್ಷಗಳೊಳಗಾಗಿ, ಥಾಮ್ಸನ್ನನ ಹಳೆಯ ಪತ್ರವು ಬೆಳಕಿಗೆ ಬಂದು, ಅದು ಅಸಿಂಧುವೂ ಆಯಿತು.

ಆ ಅಂಗಳದ ಪರೀಕ್ಷೆಯ ಅರ್ಥವನ್ನು ತಾವು ಗಮನಿಸಬೇಕು. ತಂದೆ ಹುಡುಕಿದ್ದು ಮಗನಿಗೆ ಹಿತವನ್ನು. ಕೈಗೆ ಸಿಕ್ಕಿದ್ದು ಹಿತದ ಜೊತೆಗೆ ವೇಗ. ಮೆತ್ತನೆಯದು ನಿಧಾನ, ಗಟ್ಟಿಯಾದದ್ದು ವೇಗ ಎಂದು ಎಲ್ಲರೂ ನಂಬಿದ್ದ ಕಾಲ ಅದು. 1889ರ ಮೇ 18ರಂದು ಬೆಲ್‌ಫಾಸ್ಟಿನ ಕ್ವೀನ್ಸ್ ಕಾಲೇಜಿನ ಕ್ರೀಡೋತ್ಸವಕ್ಕೆ ವಿಲಿ ಹ್ಯೂಮ್ ಎಂಬ ಸವಾರನು ಈ ಉಬ್ಬಿದ ಟೈರುಗಳೊಡನೆ ಬಂದಾಗ ಜನರು ನಕ್ಕರು. ಆತನು ತಾನು ಸೇರಿದ ಪಂದ್ಯಗಳನ್ನೆಲ್ಲ ಗೆದ್ದಾಗ ನಗು ನಿಂತಿತು. ಗಟ್ಟಿ ಚಕ್ರವು ಪ್ರತಿಯೊಂದು ಹರಳಿಗೂ ಇಡೀ ಸೈಕಲ್ಲನ್ನೂ ಸವಾರನನ್ನೂ ಮೇಲಕ್ಕೆತ್ತಿ ಕೆಳಗೆ ಹಾಕುವುದು. ಆ ಎತ್ತುವ ಶ್ರಮವೆಲ್ಲ ಸವಾರನ ಕಾಲುಗಳದ್ದೇ. ಗಾಳಿಯ ಟೈರು ಹರಳನ್ನು ತನ್ನೊಳಗೆ ನುಂಗಿಕೊಂಡು ಮುಂದೆ ಸಾಗುವುದು. ಹಿತಕ್ಕೂ ವೇಗಕ್ಕೂ ವಿರೋಧವಿಲ್ಲವೆಂಬುದು ಆ ದಿನ ಮೈದಾನದಲ್ಲಿ ಸ್ಥಾಪಿತವಾಯಿತು.

ಆದರೆ ಗಾಳಿಯು ಹಿತವನ್ನು ಬಿಟ್ಟಿಯಾಗಿ ಕೊಡಲಿಲ್ಲ. ಪಂಕ್ಚರೆಂಬ ಹೊಸ ಸಂಕಟವನ್ನು ಜೊತೆಯಲ್ಲಿಯೇ ತಂದಿತು. ಡನ್‌ಲಪನ ಮೊದಲ ಟೈರನ್ನು ರಿಮ್ಮಿಗೆ ಅಂಟಿಸಿ ಬಟ್ಟೆ ಸುತ್ತಿರುತ್ತಿದ್ದರು; ತೂತಾದರೆ ಎಲ್ಲವನ್ನೂ ಕಿತ್ತು, ತೇಪೆ ಹಾಕಿ, ಮತ್ತೆ ಅಂಟಿಸಿ, ಒಣಗುವವರೆಗೆ ಕಾಯಬೇಕು. 1889ರಲ್ಲಿ ಫ್ರಾನ್ಸಿನ ಕ್ಲೆರ್ಮಾನ್ ಫೆರಾನಿನ ಮಿಷೆಲಿನ್ ಸಹೋದರರ ರಬ್ಬರು ಕಾರ್ಖಾನೆಗೆ ಅಂತಹ ಟೈರೊಂದು ದುರಸ್ತಿಗೆ ಬಂದಿತು. ಕೆಲಸ ಗಂಟೆಗಟ್ಟಲೆ ಹಿಡಿಯಿತು, ರಾತ್ರಿಯೆಲ್ಲ ಒಣಗಬೇಕಾಯಿತು. ಮರುದಿನ ಎದುವಾರ್ ಮಿಷೆಲಿನ್ ಅದರ ಮೇಲೆ ಸ್ವಲ್ಪ ದೂರ ಹೋಗುವಷ್ಟರಲ್ಲಿ ಗಾಳಿ ಮತ್ತೆ ಹೋಯಿತು. ಆದರೂ ಆತನು ಆ ಸ್ವಲ್ಪ ದೂರದ ಸುಖವನ್ನು ಮರೆಯಲಿಲ್ಲ. ಟೈರು ಒಳ್ಳೆಯದೇ, ಅದನ್ನು ಬಿಚ್ಚುವ ಬಗೆ ಸುಲಭವಾಗಬೇಕು ಎಂದು ನಿಶ್ಚಯಿಸಿದನು.

ಒಳಗಿನ ಟ್ಯೂಬು ಬೇರೆ, ಹೊರಗಿನ ಹೊದಿಕೆ ಬೇರೆಯಾದ, ಕಳಚಿ ತೊಡಿಸಬಹುದಾದ ಟೈರು ಒಂದೆರಡು ವರ್ಷಗಳೊಳಗೆ ಹಲವು ಕಡೆ ಹುಟ್ಟಿತು. ಇಂಗ್ಲೆಂಡಿನಲ್ಲಿ ಚಾರ್ಲ್ಸ್ ಕಿಂಗ್‌ಸ್ಟನ್ ವೆಲ್ಷ್ 1890ರಲ್ಲಿ ಟೈರಿನ ಎರಡು ಅಂಚುಗಳಲ್ಲಿಯೂ ಹಿಗ್ಗದ ತಂತಿಯನ್ನು ಸೇರಿಸಿ, ರಿಮ್ಮಿನ ನಡುವೆ ತಗ್ಗು ಬಿಟ್ಟನು. ಅದೇ ವರ್ಷ ಬಾರ್ಟ್ಲೆಟ್ ಎಂಬಾತನು ದಪ್ಪನೆಯ ಅಂಚು ರಿಮ್ಮಿನ ಬಾಗಿದ ತುಟಿಗೆ ಸಿಕ್ಕಿಕೊಳ್ಳುವಂತೆ ಮಾಡಿದನು. ಮಿಷೆಲಿನ್ನರ ಕಳಚುವ ಟೈರು 1891ರಲ್ಲಿ ಬಂದಿತು. ಇಂದು ನಮ್ಮ ಬೀದಿಯ ಸೈಕಲ್ ಅಂಗಡಿಯವನು ಎರಡು ಲೀವರುಗಳನ್ನು ತೂರಿಸಿ ಟೈರನ್ನು ಕ್ಷಣದಲ್ಲಿ ಬಿಚ್ಚುವನಲ್ಲ, ಆ ಚಳಕದ ಹಿಂದೆ ವೆಲ್ಷನ ತಂತಿ ಇದೆ. ನಮ್ಮ ಸಾಧಾರಣ ಸೈಕಲ್ಲಿನ ವಾಲ್ವಿನಲ್ಲಿ ಒಂದು ಸಣ್ಣ ರಬ್ಬರಿನ ಕೊಳವೆ ಇರುವುದಷ್ಟೆ; ಪಂಪಿನ ಗಾಳಿ ಅದನ್ನು ಎತ್ತಿ ಒಳಹೋಗುವುದು, ಒಳಗಿನ ಗಾಳಿ ಅದನ್ನು ಒತ್ತಿ ತನ್ನ ಬಾಗಿಲನ್ನು ತಾನೇ ಮುಚ್ಚಿಕೊಳ್ಳುವುದು. ವುಡ್ಸ್ ಎಂಬ ಹೆಸರಿನಿಂದ ಪ್ರಸಿದ್ಧವಾದ ಆ ವಾಲ್ವು ಕೂಡ ಆ ದಶಕದ್ದೇ.

1891ರ ಸೆಪ್ಟೆಂಬರಿನಲ್ಲಿ ಪ್ಯಾರಿಸ್ಸಿನಿಂದ ಬ್ರೆಸ್ಟಿಗೆ ಹೋಗಿ ಮರಳುವ, ಸುಮಾರು 1,200 ಕಿಲೋಮೀಟರುಗಳ ಪಂದ್ಯವು ನಡೆಯಿತು. ಮಿಷೆಲಿನ್ ಟೈರುಗಳ ಮೇಲೆ ಹೊರಟ ಷಾರ್ಲ್ ತೆರೋಂ ಸುಮಾರು 71 ಗಂಟೆಗಳಲ್ಲಿ, ನಿದ್ರೆಯನ್ನು ತೊರೆದು, ಎದುರಾಳಿ ಮಲಗಿದ್ದಾಗ ಮುಂದೆ ಸಾಗಿ ಗೆದ್ದನು. ಮರುವರ್ಷ ಮಿಷೆಲಿನ್ನರು ತಾವೇ ಪ್ಯಾರಿಸ್ಸಿನಿಂದ ತಮ್ಮ ಊರಿಗೆ ಒಂದು ಪಂದ್ಯವನ್ನು ಏರ್ಪಡಿಸಿ, ನಡುದಾರಿಯಲ್ಲಿ, ನೆವೆರ್ ಪಟ್ಟಣದ ಬಳಿ, ಬೇಕೆಂದೇ ಮೊಳೆಗಳನ್ನು ಚೆಲ್ಲಿಸಿದರು. ತಮ್ಮ ಟೈರು ತೂತಾಗುವುದಿಲ್ಲವೆಂದು ಅವರು ಹೇಳಿಕೊಳ್ಳಲಿಲ್ಲ. ತೂತಾದರೂ ಚಿಂತೆಯಿಲ್ಲ, ದಾರಿಯಲ್ಲಿಯೇ ಸರಿಮಾಡಿಕೊಂಡು ಮುಂದೆ ಹೋಗಬಹುದು ಎಂದು ತೋರಿಸಿಕೊಟ್ಟರು.

ಪಂಕ್ಚರಿಗೆ ಚರಿತ್ರೆಯು ಕೊಟ್ಟ ಮೊದಲ ದೊಡ್ಡ ಉತ್ತರ ಇದು. ಗಟ್ಟಿ ಟೈರಿಗೆ ಹಿಂದಿರುಗಿದ್ದರೆ ಪಂಕ್ಚರಿನ ಹೆಸರೇ ಅಳಿಯುತ್ತಿತ್ತು, ಲೋಕವು ಹಿಂದಿರುಗಲಿಲ್ಲ. ಒಮ್ಮೆ ಗಾಳಿಯ ಹಿತವನ್ನು ಕಂಡವರು ತೂತನ್ನು ಸಹಿಸಿಕೊಂಡು ದುರಸ್ತಿಯನ್ನು ಸುಲಭ ಮಾಡಿಕೊಂಡರು. ಬೀದಿಯ ಮೂಲೆಯಲ್ಲಿ ಕುಳಿತು, ಟ್ಯೂಬನ್ನು ನೀರಿನಲ್ಲಿ ಅದ್ದಿ ಗುಳ್ಳೆಯನ್ನು ಹುಡುಕಿ, ಉಜ್ಜಿ, ಸಲ್ಯೂಷನ್ ಬಳಿದು ತೇಪೆ ಒತ್ತುವ ಕಸುಬುದಾರನು ಆ ನಿರ್ಣಯದ ಫಲ.

ಈ ಚರಿತ್ರೆಯಲ್ಲಿ ಕಪ್ಪಾದ ಪುಟವೊಂದಿದೆ. ಅದನ್ನು ಮಗುಚಿ ಮುಂದೆ ಹೋಗುವುದು ನ್ಯಾಯವಲ್ಲ. 1890ರ ದಶಕದಲ್ಲಿ ಯೂರೋಪು ಅಮೆರಿಕಗಳಲ್ಲಿ ಬೈಸಿಕಲ್ಲಿನ ಹುಚ್ಚು ಹಬ್ಬಿದಾಗ ರಬ್ಬರಿನ ಬೇಡಿಕೆ ಒಮ್ಮೆಗೇ ಏರಿತು. ಆಗ ರಬ್ಬರು ಬರುತ್ತಿದ್ದುದು ಕಾಡುಗಳಿಂದ. ಮಧ್ಯ ಆಫ್ರಿಕದ ಕಾಂಗೋ ದೇಶವು 1885ರಿಂದ ಬೆಲ್ಜಿಯಮ್ಮಿನ ದೊರೆ ಎರಡನೆಯ ಲಿಯೋಪೋಲ್ಡನ ಸ್ವಂತ ಸೊತ್ತಾಗಿತ್ತು. ಕಾಡುಬಳ್ಳಿಗಳಿಂದ ಇಷ್ಟು ರಬ್ಬರನ್ನು ತಂದು ಒಪ್ಪಿಸಬೇಕೆಂದು ಅಲ್ಲಿಯ ಹಳ್ಳಿಹಳ್ಳಿಗೂ ಕಟ್ಟಳೆಯಾಯಿತು. ಗಂಡಸರು ಕಾಡಿನಿಂದ ಬರುವವರೆಗೆ ಹೆಂಗಸರನ್ನು ಒತ್ತೆಯಿಟ್ಟುಕೊಳ್ಳುತ್ತಿದ್ದರು. ತಪ್ಪಿದವರ ಹಳ್ಳಿಗಳನ್ನು ಸುಟ್ಟರು. ಗುಂಡುಗಳನ್ನು ವ್ಯರ್ಥ ಮಾಡಲಿಲ್ಲವೆಂಬುದಕ್ಕೆ ಸಾಕ್ಷಿಯಾಗಿ ಸೈನಿಕರು ಕೊಂದವರ ಕೈಗಳನ್ನು ಕಡಿದು ತರುತ್ತಿದ್ದರು. ಬದುಕಿದ್ದವರ ಕೈಗಳೂ ಹೋದುವು. ಬ್ರಿಟಿಷ್ ಪ್ರತಿನಿಧಿ ರಾಜರ್ ಕೇಸ್‌ಮೆಂಟನ ವರದಿ 1904ರಲ್ಲಿ ಪ್ರಕಟವಾಗಿ, ಮೊರೆಲ್ ಮೊದಲಾದವರು ಸಭೆಗಳಲ್ಲಿಯೂ ಪತ್ರಿಕೆಗಳಲ್ಲಿಯೂ ಕೂಗೆಬ್ಬಿಸಿದ ಮೇಲೆ, 1908ರಲ್ಲಿ ಆ ದೇಶವನ್ನು ದೊರೆಯ ಕೈಯಿಂದ ತೆಗೆಯಲಾಯಿತು. ನಗರದ ಸವಾರನ ಹಿತಕ್ಕೆ ಅತಿ ಹೆಚ್ಚಿನ ಬೆಲೆಯನ್ನು ತೆತ್ತವರು ಬೈಸಿಕಲ್ಲನ್ನು ಎಂದೂ ಕಾಣದವರು.

ಕಾಡುರಬ್ಬರಿನ ಕಾಲವನ್ನು ಮುಗಿಸಿದ್ದು ತೋಟದ ರಬ್ಬರು. 1876ರಲ್ಲಿ ಹೆನ್ರಿ ವಿಕ್‌ಹ್ಯಾಮ್ ಬ್ರೆಜಿಲ್ಲಿನಿಂದ ಸುಮಾರು 70,000 ಬೀಜಗಳನ್ನು ಲಂಡನ್ನಿನ ಕ್ಯೂ ಸಸ್ಯೋದ್ಯಾನಕ್ಕೆ ತಂದನು. ಮೊಳೆತ ಕೆಲವು ಸಾವಿರ ಸಸಿಗಳಿಂದ ಸಿಂಹಳ, ಮಲಯ ದೇಶಗಳ ತೋಟಗಳು ಹುಟ್ಟಿದುವು. 1914ರ ಸುಮಾರಿಗೆ ತೋಟದ ರಬ್ಬರು ಕಾಡಿನದನ್ನು ಮೀರಿಸಿತು. ಆ ಮರದ ವಂಶವು ಕೇರಳಕ್ಕೂ ನಮ್ಮ ದಕ್ಷಿಣ ಕನ್ನಡಕ್ಕೂ ಬಂದಿದೆ. 1964ರ ಒಪ್ಪಂದದಂತೆ ಶ್ರೀಲಂಕೆಯಿಂದ ಮರಳಿದ ಅನೇಕ ತಮಿಳು ಸಂಸಾರಗಳಿಗೆ ಸುಳ್ಯ, ಪುತ್ತೂರು ಕಡೆಯ ಸರ್ಕಾರಿ ರಬ್ಬರು ತೋಟಗಳಲ್ಲಿ ಕೆಲಸ ದೊರೆಯಿತು. ಬೆಳಗಿನ ಜಾವದಲ್ಲಿ ಎದ್ದು ಮರದ ತೊಗಟೆಯನ್ನು ಓರೆಯಾಗಿ ಕೆತ್ತಿ ಹಾಲನ್ನು ಚಿಪ್ಪಿನಲ್ಲಿ ಹಿಡಿಯುವ ಆ ಕೈಗಳನ್ನು ಟೈರು ಕೊಳ್ಳುವಾಗ ಒಂದು ಕ್ಷಣ ನೆನೆದರೆ ತಪ್ಪಲ್ಲ.

ಇನ್ನು ಟೈರಿನ ಒಡಲಿಗೆ ಬರೋಣ. ಟೈರಿಗೆ ಬಲವನ್ನು ಕೊಡುವುದು ರಬ್ಬರಲ್ಲ, ಅದರೊಳಗಿನ ನೂಲು. ಮೊದಲು ಸಾಧಾರಣ ನೇಯ್ಗೆಯ ಕ್ಯಾನ್ವಾಸನ್ನು ಹಾಕುತ್ತಿದ್ದರು. ಟೈರು ಬಗ್ಗಿದಾಗಲೆಲ್ಲ ಹಾಸೂ ಹೊಕ್ಕೂ ಒಂದನ್ನೊಂದು ಗರಗಸದಂತೆ ಉಜ್ಜಿ ಕತ್ತರಿಸುತ್ತಿದ್ದುವು. ಅಮೆರಿಕದ ಜಾನ್ ಪಾಮರನು 1890ರ ದಶಕದ ಆರಂಭದಲ್ಲಿ ನೂಲುಗಳನ್ನು ನೇಯದೆ, ಒಂದರ ಪಕ್ಕದಲ್ಲೊಂದು ಓರೆಯಾಗಿ ಹಾಸಿ, ಪದರಗಳ ನಡುವೆ ರಬ್ಬರನ್ನಿಟ್ಟನು. ಟೈರು ಮೆತ್ತಗಾಗಿ ಹಗುರವಾಗಿ ಉರುಳಿತು. ಉರುಳುವಾಗ ನೆಲಕ್ಕೆ ತಾಗುವ ಭಾಗವು ಬಗ್ಗಿ ಮತ್ತೆ ನೆಟ್ಟಗಾಗುವುದು. ಹೀಗೆ ಬಗ್ಗಿಸಲು ನಾವು ಕೊಟ್ಟ ಶಕ್ತಿಯೆಲ್ಲ ಹಿಂದಿರುಗುವುದಿಲ್ಲ, ಸ್ವಲ್ಪ ಭಾಗ ಬಿಸಿಯಾಗಿ ನಷ್ಟವಾಗುವುದು. ದಪ್ಪ ರಬ್ಬರಿನಲ್ಲಿ ಈ ನಷ್ಟ ಹೆಚ್ಚು, ತೆಳು ಒಡಲಿನಲ್ಲಿ ಕಡಮೆ. ಆದಕಾರಣ ಮುಳ್ಳನ್ನು ತಡೆಯಲೆಂದು ಸೇರಿಸುವ ಪ್ರತಿಯೊಂದು ಪದರವೂ ಹಿತದಿಂದ ಸ್ವಲ್ಪವನ್ನೂ ಹಗುರತನದಿಂದ ಸ್ವಲ್ಪವನ್ನೂ ಕಿತ್ತುಕೊಳ್ಳುವುದು. ಇದು ಕಾರ್ಖಾನೆಯವರ ಕುಯುಕ್ತಿಯಲ್ಲ, ಪದಾರ್ಥದ ಧರ್ಮ.

ಈ ಜಗಳವನ್ನು ತಗ್ಗಿಸಿದ ಎರಡು ಸಂಗತಿಗಳುಂಟು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ರಬ್ಬರಿಗೆ ಇಂಗಾಲದ ಮಸಿಯನ್ನು ಬೆರಸಿದರೆ ಸವೆತ ಬಹಳ ಕಡಮೆಯಾಗುವುದೆಂದು ತಿಳಿಯಿತು. ಅಲ್ಲಿಯವರೆಗೆ ಬಿಳಿಚಿಕೊಂಡಿದ್ದ ಟೈರು ಅಂದಿನಿಂದ ಕಪ್ಪಾಯಿತು. ಎರಡನೆಯದಾಗಿ, 1965ರಲ್ಲಿ ಅಮೆರಿಕದ ಸ್ಟೆಫಾನಿ ಕ್ವೋಲೆಕ್ ಎಂಬ ವಿದುಷಿಯು ಉಕ್ಕಿಗಿಂತ ಎಷ್ಟೋ ಹಗುರವಾದ, ಎಳೆದರೆ ಹರಿಯದ ನಾರಿಗೆ ದಾರಿಮಾಡಿದಳು. ಕೆವ್ಲಾರ್ ಎಂದು ಹೆಸರಾದ ಆ ನಾರಿನ ತೆಳು ಪಟ್ಟಿಯನ್ನು ಟೈರಿನ ಬೆನ್ನಿನ ಕೆಳಗೆ ಹಾಸಿದರೆ ಗಾಜಿನ ಚೂರೂ ಸಣ್ಣ ತಂತಿಯೂ ಅಲ್ಲಿಯೇ ನಿಲ್ಲುವುವು. ಆದರೆ ಅಂಗುಲ ಉದ್ದದ ಜಾಲಿಯ ಮುಳ್ಳು ನಾರುಗಳ ಸಂದಿನಲ್ಲಿ ನುಸುಳಬಲ್ಲದು. ಅದನ್ನು ತಡೆಯಲು ದಪ್ಪವೇ ಬೇಕು. ದಪ್ಪಕ್ಕೆ ತೆರಬೇಕಾದದ್ದು ಏನೆಂಬುದನ್ನು ಈಗ ತಾನೆ ಕಂಡೆವು.

ಹಿಡಿತದ ವಿಷಯದಲ್ಲಿ ಜನರಲ್ಲಿ ಒಂದು ತಪ್ಪು ತಿಳಿವಳಿಕೆ ಬೇರೂರಿದೆ. ಟೈರಿನ ಮೇಲಿನ ಗೆರೆಗಳೂ ಉಬ್ಬುಗಳೂ ಒದ್ದೆ ರಸ್ತೆಯಲ್ಲಿ ಜಾರದಂತೆ ಕಾಪಾಡುವುವೆಂದು ನಾವು ಭಾವಿಸುತ್ತೇವೆ. ಮೋಟಾರು ಕಾರಿನ ಅಗಲವಾದ ಟೈರು ವೇಗದಲ್ಲಿ ನೀರಿನ ಮೇಲೆ ತೇಲಬಲ್ಲದು. ನೀರನ್ನು ಹೊರದೂಡಲು ಅದಕ್ಕೆ ಗೆರೆಗಳು ಬೇಕು. ಬೈಸಿಕಲ್ಲಿನ ಟೈರು ಕಿರಿದು, ಅದರ ಬೆನ್ನು ದುಂಡು, ಒಳಗಿನ ಗಾಳಿಯ ಒತ್ತಡ ಹೆಚ್ಚು. ವಿಮಾನದ ಚಕ್ರಗಳಿಗಾಗಿ ಕಂಡುಕೊಂಡ ಲೆಕ್ಕವನ್ನು ಅದಕ್ಕೆ ಹಚ್ಚಿದರೆ, ಚದರಂಗುಲಕ್ಕೆ 50 ಪೌಂಡು ಗಾಳಿಯಿರುವ ಟೈರು ನೀರಿನ ಮೇಲೆ ತೇಲಬೇಕಾದರೆ ಗಂಟೆಗೆ ಸುಮಾರು 70 ಮೈಲಿ ವೇಗ ಬೇಕು. ಕಚೇರಿಗೆ ಹೋಗುವ ನಮಗೆ ಆ ಭಯವಿಲ್ಲ. ಗಟ್ಟಿ ರಸ್ತೆಯಲ್ಲಿ ಹಿಡಿತವನ್ನು ಕೊಡುವುದು ರಬ್ಬರಿನ ಮೃದುತ್ವ ಮತ್ತು ಗಾಳಿಯ ಹದ. ಉಬ್ಬುಗಳು ಕೆಸರಿನಲ್ಲಿಯೂ ಸಡಿಲ ಮಣ್ಣಿನಲ್ಲಿಯೂ ಕಚ್ಚಿ ಹಿಡಿಯುವುವು. ಡಾಂಬರಿನ ಮೇಲೆ ಅವು ನೆಲಕ್ಕೆ ತಾಗುವ ರಬ್ಬರನ್ನು ಕಡಮೆ ಮಾಡಿ, ತಿರುವಿನಲ್ಲಿ ಬಳುಕಿ, ಸದ್ದುಮಾಡುವುವು. ಮೃದು ರಬ್ಬರು ಹೆಚ್ಚು ಹಿಡಿಯುವುದು, ಬೇಗ ಸವೆಯುವುದು. ಬಹುಕಾಲ ಬಾಳುವ ಗಟ್ಟಿ ರಬ್ಬರು ಮಳೆಗಾಲದಲ್ಲಿ ಜಾರುವುದು. ಇಲ್ಲಿಯೂ ಒಂದನ್ನು ಕೊಟ್ಟು ಒಂದನ್ನು ಕೊಳ್ಳಬೇಕು.

ಗಾಳಿಯ ಹದವೆಂದೆನಷ್ಟೆ. ಸವಾರನೂ ಸೈಕಲ್ಲೂ ಸೇರಿ ಹಿಂದಿನ ಚಕ್ರದ ಮೇಲೆ 100 ಪೌಂಡು ಭಾರ ಬೀಳುವುದೆನ್ನೋಣ. ಒಳಗಿನ ಗಾಳಿ ಚದರಂಗುಲಕ್ಕೆ 50 ಪೌಂಡಾದರೆ ಟೈರು ನೆಲವನ್ನು ಹೆಚ್ಚುಕಡಮೆ ಎರಡು ಚದರಂಗುಲದಷ್ಟು ಮುಟ್ಟುವುದು. ನಮ್ಮ ಜೀವದ ಆಧಾರವೆಲ್ಲ ಆ ಎರಡಂಗುಲದ ರಬ್ಬರು ಮತ್ತು ಮುಂದಿನ ಚಕ್ರದ ಅಷ್ಟೇ ಸಣ್ಣ ತುಂಡು. ಕಲ್ಲಿನಂತೆ ಗಾಳಿ ತುಂಬಿಸಿದರೆ ಸೈಕಲ್ಲು ವೇಗವಾಗಿ ಓಡುವುದೆಂಬ ನಂಬಿಕೆ ನುಣುಪಾದ ಪಂದ್ಯದ ಅಂಗಳಕ್ಕೆ ಸರಿ. ಒರಟು ರಸ್ತೆಯಲ್ಲಿ ಅದು ಹಳೆಯ ಗಟ್ಟಿ ರಬ್ಬರಿನ ಕುಲುಕಾಟವನ್ನೇ ಮರಳಿ ತರುವುದು. ಒಂದೇ ಒತ್ತಡದಲ್ಲಿ ಅಗಲ ಟೈರು ಕಿರಿದಾದದ್ದಕ್ಕಿಂತ ಹಗುರವಾಗಿ ಉರುಳುವುದೆಂದು ಈಚಿನ ಪರೀಕ್ಷೆಗಳು ತೋರಿಸಿವೆ. ಪಂದ್ಯದ ಸವಾರರೂ ಈಗ ಹಿಂದಿನವರಿಗಿಂತ ಅಗಲವಾದ ಟೈರುಗಳನ್ನು ಕಡಮೆ ಗಾಳಿಯಲ್ಲಿ ಬಳಸುತ್ತಾರೆ. ಬೆಲ್‌ಫಾಸ್ಟಿನ ಅಂಗಳವು 1887ರಲ್ಲಿ ಹೇಳಿದ ಮಾತನ್ನು ಅವರು ಮತ್ತೊಮ್ಮೆ ಕಲಿತಂತಾಯಿತು. ಆದರೆ ಗಾಳಿ ತೀರ ಕಡಮೆಯಾದರೂ ಕೇಡೇ. ಹಳ್ಳಕ್ಕೆ ಬಿದ್ದಾಗ ಟ್ಯೂಬು ರಿಮ್ಮಿನ ನಡುವೆ ಸಿಕ್ಕಿ ಹಾವು ಕಚ್ಚಿದಂತೆ ಎರಡು ತೂತುಗಳಾಗುವುವು. ತೇಪೆ ಹಾಕಿಸುವಾಗ ಎರಡು ತೂತು ಕಂಡರೆ ದೋಷ ಮುಳ್ಳಿನದಲ್ಲ, ನಮ್ಮ ಪಂಪಿನದು.

ಹಾಗಾದರೆ ಯಾವ ಟೈರನ್ನು ಕೊಳ್ಳಬೇಕು? ಮೊದಲು ತನ್ನ ದಾರಿಯನ್ನು ನೋಡಿಕೊಳ್ಳಬೇಕು. ಪಟ್ಟಣದ ಡಾಂಬರು ಬೀದಿಯಲ್ಲಿ ಓಡಾಡುವವನಿಗೆ ರಿಮ್ಮೂ ಫೋರ್ಕೂ ಒಪ್ಪುವಷ್ಟು ಅಗಲವಾದ, ಬೆನ್ನು ನುಣುಪಾದ, ಒಳಗೆ ತೆಳು ರಕ್ಷಾಪಟ್ಟಿಯುಳ್ಳ ಟೈರು ಸಾಕು. ಜಾಲಿಯ ಬೇಲಿಗಳ ನಡುವೆ ಮಣ್ಣುದಾರಿಯಲ್ಲಿ ಹೋಗುವವನು ಭಾರವನ್ನು ಒಪ್ಪಿಕೊಂಡು ದಪ್ಪನೆಯದನ್ನೇ ಹಾಕಿಸಲಿ. ತೇಪೆಯ ಅಂಗಡಿ ದೂರವಿದ್ದಷ್ಟೂ ಭದ್ರತೆಯ ಬೆಲೆ ಹೆಚ್ಚು. ಮಲೆನಾಡಿನ ಕೆಸರಿನವನಿಗೆ ಉಬ್ಬುಗಳು ಬೇಕು. ಎರಡು ಟೈರುಗಳಲ್ಲಿ ಒಂದು ಮಾತ್ರ ಹೊಸದಾದರೆ ಅದನ್ನು ಮುಂದಿನ ಚಕ್ರಕ್ಕೆ ಹಾಕುವುದು ವಿವೇಕ; ಹಿಂದಿನ ಚಕ್ರ ಜಾರಿದರೆ ಸಾವರಿಸಿಕೊಳ್ಳಬಹುದು, ಮುಂದಿನದು ಜಾರಿದರೆ ನೆಲವೇ ಗತಿ. ಅಳತೆಯನ್ನು ಟೈರಿನ ಪಕ್ಕದಲ್ಲಿ ಓದಿಕೊಳ್ಳಬೇಕು: ನಮ್ಮ ಹಳೆಯ ದೊಡ್ಡ ಸೈಕಲ್ಲಿನ 28 ಅಂಗುಲ, ಒಂದೂವರೆ ಅಂಗುಲದ ಟೈರಿನ ಮೇಲೆ 40-635 ಎಂದಿರುವುದು. ಮೊದಲನೆಯ ಅಂಕೆ ಅಗಲ, ಎರಡನೆಯದು ರಿಮ್ಮಿನ ಮೇಲೆ ಅಂಚು ಕೂರುವೆಡೆಯ ವ್ಯಾಸ, ಎರಡೂ ಮಿಲಿಮೀಟರುಗಳಲ್ಲಿ. ಎರಡನೆಯ ಅಂಕೆ ಕೂಡದಿದ್ದರೆ ಟೈರು ಕೂರದು.

ಡನ್‌ಲಪನ ಹೆಸರನ್ನು ಹೊತ್ತ ಕಂಪನಿಯು 1896ರಲ್ಲಿ 30 ಲಕ್ಷ ಪೌಂಡಿಗೆ ಮಾರಾಟವಾಗಿ, ಕೊಂಡವನ ಕೈಯಿಂದ 50 ಲಕ್ಷಕ್ಕೆ ಮತ್ತೆ ಪೇಟೆಗೆ ಬಂದಿತು. ಆ ಸಿರಿಯಲ್ಲಿ ಡನ್‌ಲಪನಿಗೆ ದೊಡ್ಡ ಪಾಲು ಸಲ್ಲಲಿಲ್ಲ. ಆದರೆ ಆತನು ಹೊರಟದ್ದು ಸಿರಿಯನ್ನು ಅರಸಿ ಅಲ್ಲ. ಮಗನ ಮೈ ನೋಯದಿರಲೆಂದು. ಮುಂದಿನ ವಾರ ತಮ್ಮಲ್ಲಿ ಯಾರಾದರೂ ಮನೆಯ ಮಗುವಿನ ಸೈಕಲ್ಲಿಗೆ ಟೈರನ್ನು ಕೊಳ್ಳಹೋದರೆ, ಅದರ ಮೇಲಿನ ಚಿತ್ತಾರವನ್ನೂ ಅಂಗಡಿಯವನ ಮಾತನ್ನೂ ಪಕ್ಕಕ್ಕಿಟ್ಟು, ಒಮ್ಮೆ ಒತ್ತಿನೋಡಿ, ಮಗು ಹೋಗುವ ದಾರಿಯನ್ನು ಮನಸ್ಸಿನಲ್ಲಿ ನಡೆದುನೋಡಲಿ. ಆಯ್ಕೆಯು ತಾನಾಗಿ ಸರಿಯಾಗುವುದು.